ಕೂಲಿಯೋ, ಕಸುಬೋ?

ಹತ್ತನೆಯ ತರಗತಿ ಮುಗಿಯುತ್ತಲೇ ಓದಿಗೆ ವಿದಾಯ ಹೇಳಿ ದುಡಿಮೆಗೆ ಇಳಿಯುವ ಹುಡುಗ ಹುಡುಗಿಯರು ನಮ್ಮ ಸುತ್ತಲೂ ಇದ್ದಾರೆ. ಕೆಲವರು ನಮ್ಮ ತಮ್ಮ ತಂಗಿಯರು. ಕೆಲವರು ನಮ್ಮೊಡನೆ ಒಂದೇ ಬೆಂಚಿನಲ್ಲಿ ಕುಳಿತವರು. ಕಾಲೇಜು ಸೇರಿದ ನಾವು ನಾಲ್ಕು ವಿಷಯ ಬಲ್ಲವರೆಂದು ನಂಬಿ, "ಎಲ್ಲಿ ಕೆಲಸಕ್ಕೆ ಸೇರಲಿ?" ಎಂದು ಅವರು ನಮ್ಮನ್ನು ಕೇಳುವುದುಂಟು. ಅದಕ್ಕೆ ಸರಿಯಾದ ಉತ್ತರ ಕೊಡುವುದು ನಮ್ಮ ಕರ್ತವ್ಯವೆಂದು ಬಗೆದು ಈ ಲೇಖನವನ್ನು ಬರೆಯುತ್ತಿದ್ದೇನೆ.

ಮೊದಲ ಕೆಲಸವನ್ನು ಆರಿಸುವಾಗ ಎಲ್ಲರೂ ನೋಡುವುದು ತಿಂಗಳ ಸಂಬಳವನ್ನು. ಮನೆಯ ಕಷ್ಟ ಬಲ್ಲವರು ಅದನ್ನು ತಪ್ಪೆನ್ನಲಾರರು. ಆದರೆ ಕೂಲಿಯ ಕೆಲಸ ಬೇರೆ, ಕಲಿಸುವ ಕೆಲಸ ಬೇರೆ. ನನ್ನ ಸಹಪಾಠಿಯೊಬ್ಬ ಒಂದು ವರ್ಕ್‌ಷಾಪಿನಲ್ಲಿ ಹೆಲ್ಪರ್ ಆಗಿ ಎರಡು ವರ್ಷ ದುಡಿದ. ಸ್ಪ್ಯಾನರ್ ಎತ್ತಿಕೊಡುವುದು, ನೆಲ ಗುಡಿಸುವುದು, ಚಹಾ ತರುವುದು ಇಷ್ಟೇ ಅವನ ಪಾಲಿಗೆ ಬಂದದ್ದು. ಅಲ್ಲಿಂದ ಹೊರಬಂದಾಗ ಅವನ ಕೈಯಲ್ಲಿ ಕಸುಬೂ ಇರಲಿಲ್ಲ, ದುಡಿದುದಕ್ಕೆ ಒಂದು ಕಾಗದವೂ ಇರಲಿಲ್ಲ.

ಇಂಥವರಿಗಾಗಿಯೇ ನಮ್ಮ ದೇಶದಲ್ಲಿ 1961ರ ಅಪ್ರೆಂಟಿಸ್ ಕಾಯಿದೆ ಇದೆ. 14 ವರ್ಷ ತುಂಬಿದವರು ಅಪ್ರೆಂಟಿಸ್ ಆಗಬಹುದು. ಅಪಾಯಕರವೆಂದು ಗುರುತಿಸಿದ ಕಸುಬುಗಳಿಗೆ ಮಾತ್ರ 18 ತುಂಬಿರಬೇಕು. ಉದ್ಯಮಕ್ಕೂ ಕಲಿಯುವವನಿಗೂ ನಡುವೆ ಲಿಖಿತ ಕರಾರು ಆಗುತ್ತದೆ. ಅವನು ಅಪ್ರಾಪ್ತ ವಯಸ್ಕನಾದರೆ ಪೋಷಕರು ಸಹಿ ಹಾಕಬೇಕು. ಕಾಯಿದೆಯ ಕಣ್ಣಿನಲ್ಲಿ ಅವನು ಕಾರ್ಮಿಕನಲ್ಲ, ಕಲಿಯುವವನು. ಆದ್ದರಿಂದಲೇ ಇಷ್ಟು ವಸ್ತು ತಯಾರಿಸಿದರೆ ಇಷ್ಟು ಹಣ ಎಂಬ ಲೆಕ್ಕದಲ್ಲಿ ಅವನಿಗೆ ಹಣ ಕೊಡುವಂತಿಲ್ಲ. ತಿಂಗಳ ಶಿಷ್ಯವೇತನವನ್ನೇ ಕೊಡಬೇಕು. 2019ರಲ್ಲಿ ನಿಯಮಗಳನ್ನು ತಿದ್ದಿದಾಗ ಹತ್ತನೆಯ ತರಗತಿ ಮುಗಿಸಿದವರಿಗೆ ಮೊದಲ ವರ್ಷ ಕನಿಷ್ಠ 6,000 ರೂಪಾಯಿ ಎಂದು ಗೊತ್ತುಮಾಡಲಾಯಿತು. 30 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಉದ್ಯಮಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕೆಂಬ ಕಟ್ಟಳೆಯೂ ಆಗಲೇ ಬಂದಿತು.

ಇನ್ನೊಂದು ದಾರಿ ಕೈಗಾರಿಕಾ ತರಬೇತಿ ಸಂಸ್ಥೆ, ಅಂದರೆ ಐ.ಟಿ.ಐ. ಅಲ್ಲಿ ಫಿಟ್ಟರ್, ಎಲೆಕ್ಟ್ರೀಷಿಯನ್ ಕಸುಬುಗಳಿಗೆ ಎರಡು ವರ್ಷ, ವೆಲ್ಡರ್ ಕಸುಬಿಗೆ ಒಂದು ವರ್ಷ. ಅದನ್ನು ಮುಗಿಸಿ ಅಪ್ರೆಂಟಿಸ್ ಆಗಿ ಸೇರುವವರಿಗೆ ಕಸುಬಿನ ಮೂಲಪಾಠ ಮೊದಲೇ ಆಗಿರುತ್ತದೆ. ಓದುವ ಆಸೆ ಮತ್ತೆ ಚಿಗುರಿದರೆ, ಎರಡು ವರ್ಷದ ಐ.ಟಿ.ಐ. ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರವಾಗಿ ಸೇರುವ ಅವಕಾಶವೂ ಉಂಟು. ಶಾಲೆ ಬಿಟ್ಟ ಮಾತ್ರಕ್ಕೆ ವಿದ್ಯೆಯ ಬಾಗಿಲು ಮುಚ್ಚಿತೆಂದು ತಿಳಿಯಬೇಕಾಗಿಲ್ಲ.

ಆದರೂ ಇದರ ಮಿತಿಯನ್ನು ಮರೆಮಾಚಬಾರದು. ತರಬೇತಿ ಮುಗಿದೊಡನೆ ಅದೇ ಕಾರ್ಖಾನೆಯಲ್ಲಿ ಕೆಲಸ ಸಿಕ್ಕೇ ಸಿಗುವುದೆಂಬ ಭರವಸೆಯನ್ನು ಕಾಯಿದೆ ಕೊಡುವುದಿಲ್ಲ. ಶಿಷ್ಯವೇತನವು ಕೂಲಿಗಿಂತ ಕಡಿಮೆಯಾಗಿರುವುದೂ ಉಂಟು. ಊರಿನಿಂದ ದೂರ ಹೋಗಬೇಕಾದರೆ ಕೋಣೆಯ ಬಾಡಿಗೆ, ಊಟದ ಖರ್ಚು ಕಳೆದು ಮನೆಗೆ ಉಳಿಯುವುದು ಅಲ್ಪ. ಒಂದೆರಡು ವರ್ಷ ಕುಟುಂಬವು ಈ ಕೊರತೆಯನ್ನು ಹೊರಬಲ್ಲುದೇ ಎಂದು ಮೊದಲೇ ಕುಳಿತು ಲೆಕ್ಕ ಹಾಕುವುದು ಒಳ್ಳೆಯದು. ಹೊರಬಲ್ಲುದಾದರೆ, ಕೊನೆಗೆ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪಡೆಯುವ ಪ್ರಮಾಣಪತ್ರಕ್ಕೆ ದೇಶದ ಯಾವ ಊರಿನಲ್ಲಿಯೂ ಬೆಲೆಯುಂಟು. ಒಬ್ಬ ಮಾಲೀಕನ ಬಾಗಿಲನ್ನೇ ಕಾಯುವ ಅವಸ್ಥೆ ಅದರಿಂದ ತಪ್ಪುತ್ತದೆ.

ಆದುದರಿಂದ ಮಿತ್ರರೇ, ಕೆಲಸಕ್ಕೆ ಹೊರಟ ತಮ್ಮನೋ ತಂಗಿಯೋ ನಮ್ಮನ್ನು ಕೇಳಿದಾಗ ಮೂರು ಪ್ರಶ್ನೆಗಳನ್ನು ಅವರ ಕೈಗೆ ಕೊಟ್ಟು ಕಳುಹಿಸೋಣ: ಇಲ್ಲಿ ಏನನ್ನು ಕಲಿಯುವೆ? ಕಲಿಸುವವರು ಯಾರು? ಮುಗಿದ ಮೇಲೆ ಸಿಗುವ ಕಾಗದ ಯಾವುದು? ಮೂರಕ್ಕೂ ಉತ್ತರ ಸಿಕ್ಕಿದ ಕಡೆ ಸಂಬಳ ನೂರಿನ್ನೂರು ಕಡಿಮೆಯಾದರೂ ಅಲ್ಲಿಯೇ ಸೇರಲಿ. ಹದಿನಾರರಲ್ಲಿ ಕಲಿತ ಕಸುಬು ಅರವತ್ತರವರೆಗೂ ಅನ್ನ ಕೊಡುತ್ತದೆ.