ಕರೆದಾಗ ಮಾತ್ರ ಎಚ್ಚರಗೊಳ್ಳುವ ತಂತಿ

ಬ್ಯಾಂಕಿನ ಶಾಖೆಯೊಂದಕ್ಕೂ ಅದರ ಕೇಂದ್ರ ಕಚೇರಿಗೂ ನಡುವೆ ದತ್ತಾಂಶವನ್ನು ಒಯ್ಯುವ ತಂತಿ ಒಂದೇ ಇದ್ದು, ಅದು ಕಡಿದುಹೋಯಿತೆನ್ನೋಣ. ಗಿರಾಕಿಗಳು ಸಾಲಾಗಿ ನಿಂತಿದ್ದರೂ ಲೆಕ್ಕದ ಪುಟ ತೆರೆಯದು. ಎರಡನೆಯ ತಂತಿಯೊಂದನ್ನು ಬಾಡಿಗೆಗೆ ಪಡೆದಿರಬಹುದಲ್ಲವೆ? ಪಡೆಯಬಹುದು, ಆದರೆ ಎಂದೋ ಕೆಲವು ಗಂಟೆ ಬೇಕಾಗುವ ಹಾದಿಗೆ ವರ್ಷವಿಡೀ ಬಾಡಿಗೆ ತೆರಬೇಕಾಗುತ್ತದೆ. ಈ ತೊಡಕಿಗೆ ಪರಿಹಾರವಾಗಿ 1990ರ ದಶಕದಲ್ಲಿ ಹೆಚ್ಚಾಗಿ ಬಳಕೆಯಲ್ಲಿದ್ದ ಉಪಾಯವೆಂದರೆ, ಅಗತ್ಯ ಬಿದ್ದಾಗ ಮಾತ್ರ ಟೆಲಿಫೋನ್ ಕರೆ ಮಾಡಿ ಸಂಪರ್ಕ ಪಡೆಯುವುದು.

ಜಾಲಗಳು ಕೂಡುವೆಡೆಯಲ್ಲಿದ್ದು, ದತ್ತಾಂಶದ ಪೊಟ್ಟಣ ಯಾವ ಹಾದಿ ಹಿಡಿಯಬೇಕೆಂದು ನಿರ್ಣಯಿಸುವ ಯಂತ್ರವೇ ರೌಟರು. ಅದರ ಸ್ಮೃತಿಯಲ್ಲಿ ಹಾದಿಗಳ ಪಟ್ಟಿಯೊಂದಿರುತ್ತದೆ. ಒಂದೇ ಗುರಿಗೆ ಎರಡು ಹಾದಿಗಳಿದ್ದರೆ ಯಾವುದನ್ನು ನಂಬಬೇಕು? ಸಿಸ್ಕೋ ಸಂಸ್ಥೆಯ ರೌಟರುಗಳಲ್ಲಿ ಇದಕ್ಕೊಂದು ಅಂಕಿಯ ಕ್ರಮವುಂಟು: ಅಂಕಿ ಚಿಕ್ಕದಾದಷ್ಟೂ ನಂಬಿಕೆ ಹೆಚ್ಚು. ಓ.ಎಸ್.ಪಿ.ಎಫ್. ಎಂಬ ನಿಯಮಾವಳಿಯ ಮೂಲಕ ನೆರೆಯ ರೌಟರಿನಿಂದ ತಿಳಿದ ಹಾದಿಗೆ 110. ನಾವೇ ಬರೆದಿಡುವ ಹಾದಿಗೆ ವಾಡಿಕೆಯಂತೆ 1. ಆದರೆ ಬದಲಿ ಹಾದಿಗೆ ಬೇಕೆಂದೇ 200 ಎಂದು ಬರೆದರೆ, ಮುಖ್ಯ ಹಾದಿ ಇರುವವರೆಗೆ ಅದು ಮರೆಯಲ್ಲಿಯೇ ಇರುತ್ತದೆ. ನೆರೆಯ ರೌಟರು ಪ್ರತಿ 10 ಸೆಕೆಂಡಿಗೊಮ್ಮೆ ತನ್ನ ಇರವನ್ನು ತಿಳಿಸುವ ಸಂದೇಶ ಕಳುಹಿಸುತ್ತಿರುತ್ತದೆ. 40 ಸೆಕೆಂಡು ಅದು ಬಾರದಿದ್ದರೆ ಮುಖ್ಯ ಹಾದಿ ಪಟ್ಟಿಯಿಂದ ಅಳಿಸಿಹೋಗಿ, ಬದಲಿ ಹಾದಿ ಆ ಸ್ಥಾನಕ್ಕೆ ಬರುತ್ತದೆ.

ಇಷ್ಟರಿಂದಲೇ ಕರೆ ಹೋಗದು. ಸಾಗಬೇಕಾದ ಪೊಟ್ಟಣ ಕರೆಗೆ ಅರ್ಹವೇ ಎಂದು ರೌಟರು ಮೊದಲು ಪರೀಕ್ಷಿಸುತ್ತದೆ. ಅರ್ಹವಾದರೆ ಕರೆ ಮಾಡುತ್ತದೆ. ಅಂತಹ ಪೊಟ್ಟಣಗಳು 120 ಸೆಕೆಂಡು ಬಾರದಿದ್ದರೆ ವಾಡಿಕೆಯಂತೆ ಕರೆಯನ್ನು ಮುಗಿಸುತ್ತದೆ. ಎಡವುವ ಸಂಭವವಿರುವುದು ಈ ಅರ್ಹತೆಯ ನಿಯಮದಲ್ಲಿಯೇ. ಮೇಲೆ ಹೇಳಿದ ಇರವಿನ ಸಂದೇಶವು ಬದಲಿ ತಂತಿಯ ಮೇಲೂ ಹೊರಟು, ಅದನ್ನು ಅರ್ಹವೆಂದು ಎಣಿಸಿದೆವೆನ್ನಿ. ಪ್ರತಿ 10 ಸೆಕೆಂಡಿಗೊಂದು ಸಂದೇಶವಿರುವಲ್ಲಿ 120 ಸೆಕೆಂಡುಗಳ ಮೌನ ಎಂದಿಗೂ ಒದಗದು. ಯಾರ ಕೆಲಸವೂ ಇಲ್ಲದೆ ತಂತಿ ಹಗಲಿರುಳು ತೆರೆದಿದ್ದು ಶುಲ್ಕ ಬೆಳೆಯುತ್ತದೆ.

ಮುಖ್ಯ ತಂತಿಯ ಈಚೆಯ ತುದಿಯನ್ನು ಮಾತ್ರ ಗಮನಿಸಿ ಬದಲಿಯನ್ನು ಎಬ್ಬಿಸುವ ಸರಳ ಕ್ರಮವೊಂದೂ ಉಂಟು. ಆದರೆ ದೂರದಲ್ಲೆಲ್ಲೋ ಹಾದಿ ಮುರಿದಿದ್ದರೂ ಈಚೆಯ ತುದಿ ಸಜೀವವಾಗಿಯೇ ತೋರಬಹುದು. ಆಗ ಬದಲಿ ತಂತಿ ಮಲಗಿಯೇ ಇರುತ್ತದೆ.

ಅಂದು ಇಂತಹ ಕರೆಗಳಿಗೆ ಬಳಸುತ್ತಿದ್ದ ಐ.ಎಸ್.ಡಿ.ಎನ್. ತಂತಿಯಲ್ಲಿ ಒಂದೊಂದು ವಾಹಿನಿಯ ವೇಗ ಸೆಕೆಂಡಿಗೆ 64,000 ಬಿಟ್ಟುಗಳು. ಇಂದು ಬದಲಿ ಹಾದಿಯ ಕೆಲಸವನ್ನು ಬಹುಮಟ್ಟಿಗೆ ಮೊಬೈಲ್ ಜಾಲಗಳು ವಹಿಸಿಕೊಂಡಿವೆ. ಹಾದಿಯನ್ನು ಆರಿಸುವ ತತ್ತ್ವ ಮಾತ್ರ ಹಿಂದಿನದೇ. ಎರಡು ತಂತಿಗಳನ್ನೂ ಒಂದೇ ಕಾಲುವೆಯಲ್ಲಿ ಹೂತಿದ್ದರೆ ಒಂದು ಗುದ್ದಲಿಯೇಟು ಎರಡನ್ನೂ ಕಡಿದೀತು ಎಂಬುದನ್ನು ಮರೆಯಬಾರದು. ಮುಖ್ಯ ತಂತಿಯನ್ನು ಆಗಾಗ ಬೇಕೆಂದೇ ಕಳಚಿ, ಬದಲಿಯು ಎಚ್ಚರಗೊಳ್ಳುವುದೇ ಎಂದು ಪರೀಕ್ಷಿಸತಕ್ಕದ್ದು.