ಈಶ್ವರೀ ಬೇರು

ನಮ್ಮ ಹಿತ್ತಿಲ ಬೇಲಿಯ ಮೇಲೆ ಈಶ್ವರೀ ಬಳ್ಳಿಯೊಂದು ಹಬ್ಬಿತ್ತು. ಅದಿರುವೆಡೆ ಹಾವು ಸುಳಿಯದೆಂಬುದು ಅಜ್ಜಿಯ ನಂಬಿಕೆ. ಅದರ ಬೇರನ್ನು ತೇದು ಹೊಟ್ಟೆನೋವಿಗೂ ಜ್ವರಕ್ಕೂ ಕೊಡುತ್ತಿದ್ದರು. ನಾನೂ ಕುಡಿದಿದ್ದೇನೆ, ಆ ಕಹಿ ಇನ್ನೂ ನೆನಪಿದೆ. ತಲೆಮಾರುಗಳಿಂದ ಕುಡಿದವರಿಗೆ ಏನಾಯಿತು ಎಂದು ಯಾರಾದರೂ ಕೇಳಿದರೆ, ಏನೂ ಆಗಲಿಲ್ಲವೆಂದೇ ಬಹುಕಾಲ ಉತ್ತರಿಸುತ್ತಿದ್ದೆ. ವೈದ್ಯನಲ್ಲದ, ಕನ್ನಡ ಪಾಠ ಹೇಳಿ ನಿವೃತ್ತನಾದ ನಾನು ಆ ಉತ್ತರವನ್ನು ಹಿಂತೆಗೆದುಕೊಳ್ಳಬೇಕಾಯಿತು.

ಸಸ್ಯಶಾಸ್ತ್ರಜ್ಞರು ಈ ಬಳ್ಳಿಯ ಕುಲವನ್ನು ಅರಿಸ್ಟೊಲೋಕಿಯ ಎನ್ನುತ್ತಾರೆ. ಗ್ರೀಕಿನಲ್ಲಿ ‘ಪ್ರಸವಕ್ಕೆ ಅತ್ಯುತ್ತಮ’ ಎಂಬರ್ಥ. ಹೆಸರಿನಲ್ಲೇ ಪ್ರಶಸ್ತಿಪತ್ರವನ್ನು ಹೊತ್ತ ಗಿಡ! ಎರಡು ಸಾವಿರ ವರ್ಷಗಳಿಗೂ ಮಿಕ್ಕ ಬಳಕೆ ಅದರ ಬೆನ್ನಿಗಿತ್ತು.

ಬೆಲ್ಜಿಯಮಿನ ಬ್ರಸೆಲ್ಸ್ ನಗರದಲ್ಲಿ 1990ರಿಂದ 1992ರವರೆಗೆ ಮೈ ಕರಗಿಸಿಕೊಳ್ಳಲು ಹಲವು ಹೆಂಗಸರು ಚೀನೀ ಮೂಲಿಕೆಗಳ ಗುಳಿಗೆ ಸೇವಿಸಿದರು. ಅದರಲ್ಲಿರಬೇಕಾದದ್ದು ‘ಫಾಂಗ್ ಜಿ’. ಸೇರಿದ್ದು ‘ಗುವಾಂಗ್ ಫಾಂಗ್ ಜಿ’. ಮೊದಲನೆಯದು ಸ್ಟೆಫೇನಿಯ, ಎರಡನೆಯದು ಅರಿಸ್ಟೊಲೋಕಿಯ. (ನಮ್ಮಲ್ಲಿಯೂ ಒಂದೆಲಗವನ್ನೂ ನೀರುಬ್ರಾಹ್ಮಿಯನ್ನೂ ಬ್ರಾಹ್ಮಿ ಎಂದೇ ಕರೆಯುವುದುಂಟು. ಮದ್ದಿನ ಮೊದಲ ಪರೀಕ್ಷೆ ನಾಮನಿಷ್ಕರ್ಷೆಯೇ.) ನೂರಕ್ಕೂ ಹೆಚ್ಚು ಮಂದಿಯ ಮೂತ್ರಪಿಂಡಗಳು ಕೆಟ್ಟವು. ಅನಂತರ, ಮುಂಜಾಗ್ರತೆಗೆಂದು ಕೆಟ್ಟ ಮೂತ್ರಪಿಂಡಗಳನ್ನು ತೆಗೆಸಿಕೊಂಡ 39 ಮಂದಿಯಲ್ಲಿ 18 ಮಂದಿಗೆ ಮೂತ್ರಮಾರ್ಗದ ಅರ್ಬುದ ಕಂಡುಬಂದಿತೆಂಬ ವರದಿ 2000ದಲ್ಲಿ ಪ್ರಕಟವಾಯಿತು.

ದುಃಖದ ಸಂಗತಿಯೆಂದರೆ, ಇದು ಅರಿಯದ ವಿಷವಾಗಿರಲಿಲ್ಲ. ಈ ಕುಲದ ಗಿಡಗಳಲ್ಲಿರುವ ಅರಿಸ್ಟೊಲೋಕಿಕ್ ಆಮ್ಲವನ್ನು 1980ರ ದಶಕದ ಆದಿಯಲ್ಲಿಯೇ ಜರ್ಮನಿಯಲ್ಲಿ ಇಲಿಗಳಿಗೆ ಉಣಿಸಿ ನೋಡಿದಾಗ ಅರ್ಬುದ ಹುಟ್ಟಿತ್ತು. ಅದುಳ್ಳ ಔಷಧಗಳನ್ನು ಅಲ್ಲಿ ಹಿಂದಕ್ಕೆ ಪಡೆದಿದ್ದರು. ಇಲಿಗಿಂತಲೂ ಅಗ್ಗದ ಪರೀಕ್ಷೆಯೊಂದುಂಟು, ಬ್ರೂಸ್ ಏಮ್ಸ್ ಎಂಬ ಅಮೆರಿಕದ ವಿಜ್ಞಾನಿ ರೂಪಿಸಿದ್ದು. ಹಿಸ್ಟಿಡಿನ್ ಎಂಬ ಅಂಶವನ್ನು ತಾವೇ ತಯಾರಿಸಿಕೊಳ್ಳಲಾರದ ಬ್ಯಾಕ್ಟೀರಿಯಗಳನ್ನು ಅದು ಸಾಲದ ತಟ್ಟೆಯಲ್ಲಿ ಹರಡಿ, ಪರೀಕ್ಷಿಸಬೇಕಾದ ವಸ್ತುವನ್ನು ಸೇರಿಸುತ್ತಾರೆ. ಅಲ್ಲೊಂದು ಇಲ್ಲೊಂದನ್ನು ಬಿಟ್ಟರೆ ಅವು ಬೆಳೆಯಬಾರದು. ಗುಂಪುಗುಂಪಾಗಿ ಬೆಳೆದರೆ, ಆ ವಸ್ತು ಅವುಗಳ ಆನುವಂಶಿಕ ಲಿಪಿಯನ್ನೇ ಬದಲಿಸಿದೆಯೆಂದರ್ಥ. ಆಯುಷ್ಯವಿಡೀ ಕರಡಚ್ಚು ತಿದ್ದಿದ ನನಗೆ ಈ ಅಕ್ಷರಪರೀಕ್ಷೆ ಬಹಳ ಹಿಡಿಸಿತು. ಅರಿಸ್ಟೊಲೋಕಿಕ್ ಆಮ್ಲ ಇದರಲ್ಲಿಯೂ ಸಿಕ್ಕಿಬಿದ್ದಿತು.

ಹಾಗಾದರೆ ನಮ್ಮ ಹಿರಿಯರಿಗೆ ಏಕೆ ತಿಳಿಯಲಿಲ್ಲ? ಅವರ ಕಣ್ಣು ಮಂದವಾಗಿರಲಿಲ್ಲ. ಕುಡಿಸಿದ ರಾತ್ರಿಯೇ ವಾಂತಿಯಾಗಿದ್ದರೆ ಅಜ್ಜಿ ಮರುದಿನವೇ ಆ ಬೇರನ್ನು ಬಿಸಾಡುತ್ತಿದ್ದರು. ಆದರೆ ಈ ಆಮ್ಲ ಒಡಲಲ್ಲಿ ರೂಪಾಂತರ ಹೊಂದಿ ಜೀವಕೋಶದ ಡಿಎನ್‌ಎಗೆ ಅಂಟಿಕೊಂಡು ವರ್ಷಗಟ್ಟಲೆ ಅಲ್ಲಿಯೇ ಉಳಿಯುತ್ತದೆ. ಇಪ್ಪತ್ತು ವರ್ಷಗಳ ಮೇಲೆ ಬಂದ ರೋಗಕ್ಕೂ ಬಾಲ್ಯದ ಕಷಾಯಕ್ಕೂ ಯಾರು ತಾನೇ ಗಂಟು ಹಾಕಿಯಾರು? ಆ ವೇಳೆಗೆ ಕುಡಿಸಿದವರೇ ಇರುವುದಿಲ್ಲ.

ನಾಡಮದ್ದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಸರ್ಪಗಂಧದ ಬೇರಿನಿಂದ 1952ರಲ್ಲಿ ರಿಸರ್ಪಿನ್ ದೊರೆತು ರಕ್ತದೊತ್ತಡಕ್ಕೆ ಮದ್ದಾಯಿತು. ಅದು ಕೆಲವರ ಮನಸ್ಸನ್ನು ಕುಗ್ಗಿಸಬಲ್ಲುದೆಂದು ತಿಳಿದದ್ದೂ ರೋಗಿಗಳನ್ನು ಗಮನಿಸುತ್ತಿದ್ದುದರಿಂದಲೇ.

ಊರಿನ ಬಳ್ಳಿಯನ್ನು ನಾನು ಕೀಳಿಸಲಿಲ್ಲ. ಕರ್ನಾಟಕದ ರಾಜ್ಯಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್‌ನ ಮರಿಹುಳು ಮೇಯುವುದು ಈ ಕುಲದ ಎಲೆಗಳನ್ನೇ. ಆ ವಿಷವನ್ನು ಮೈಯಲ್ಲಿ ತುಂಬಿಕೊಂಡು ಅದು ಹಕ್ಕಿಗಳಿಂದ ಪಾರಾಗುತ್ತದಂತೆ. ತೇಯುವ ಕಲ್ಲನ್ನು ಮಾತ್ರ ಗಂಧಕ್ಕೆ ಮೀಸಲಿಟ್ಟಿದ್ದೇವೆ.