ಹಿಮದೂರಿಗೆ ಹಲ್ಲುಹಳಿಯ ದಾರಿ

ಪ್ರಶ್ನೆ: ಆಲ್ಪ್ಸ್ ಪರ್ವತದಲ್ಲಿ ಸ್ಕೀಯಿಂಗ್ ನಡೆಯುವ ಊರುಗಳಿಗೆ ರೈಲಿನಲ್ಲಿಯೇ ಹೋಗಬಹುದೇ? ಅಷ್ಟು ಕಡಿದಾದ ಏರನ್ನು ರೈಲು ಹೇಗೆ ಹತ್ತುತ್ತದೆ?

ಉತ್ತರ: ಧಾರಾಳವಾಗಿ ಹೋಗಬಹುದು. ಸ್ವಿಟ್ಜರ್ಲೆಂಡಿನ ಜರ್ಮಾಟ್ ಊರೊಳಗೆ ಪ್ರವಾಸಿಗರ ಮೋಟಾರುಗಳಿಗೆ ಪ್ರವೇಶವೇ ಇಲ್ಲವಾದ ಕಾರಣ, ಕಾರಿನಲ್ಲಿ ಬಂದವರೂ ಅದನ್ನು ಸುಮಾರು 5 ಕಿಲೋಮೀಟರ್ ಈಚೆಯ ಟೇಶ್‌ನಲ್ಲಿ ಬಿಟ್ಟು ಬಹುಮಟ್ಟಿಗೆ ರೈಲನ್ನೇ ಆಶ್ರಯಿಸುತ್ತಾರೆ. ಬರ್ನ್ ನಗರದಿಂದ ಹೊರಟವರು ವಿಸ್ಪ್ ನಿಲ್ದಾಣದಲ್ಲಿಳಿದು, 1891ರಲ್ಲಿ ಪೂರ್ಣಗೊಂಡ ಮೀಟರ್ ಗೇಜ್ ಮಾರ್ಗದ ಕೆಂಪು ಗಾಡಿಯನ್ನೇರಿದರೆ, ಅದು ನದೀಕಂದರವನ್ನನುಸರಿಸಿ ಸಮುದ್ರಮಟ್ಟದಿಂದ 650 ಮೀಟರಿನಿಂದ ಸುಮಾರು 1600 ಮೀಟರ್ ಎತ್ತರಕ್ಕೆ ಅವರನ್ನೊಯ್ಯುತ್ತದೆ.

ನುಣುಪಾದ ಚಕ್ರವು ನುಣುಪಾದ ಹಳಿಯ ಮೇಲೆ ಜಾರುವಂಥ ಏರುಗಳಲ್ಲಿ, ಎರಡು ಹಳಿಗಳ ಮಧ್ಯೆ ಹಲ್ಲುಗಳುಳ್ಳ ಉಕ್ಕಿನ ಪಟ್ಟಿಗಳನ್ನು ಜೋಡಿಸಿರುತ್ತಾರೆ. ಎಂಜಿನ್ನಿನ ಅಡಿಯ ಹಲ್ಲುಚಕ್ರವು ಅವನ್ನು ಕಚ್ಚಿಕೊಂಡು ಮೇಲೇರುತ್ತದೆ. ಒಂದು ಪಟ್ಟಿಯ ಹಲ್ಲಿರುವೆಡೆ ಪಕ್ಕದ್ದರಲ್ಲಿ ಸಂದು ಬರುವಂತೆ ಕೂರಿಸುವುದರಿಂದ ಹಿಡಿತವು ಕ್ಷಣಮಾತ್ರವೂ ತಪ್ಪದು. ಇಳಿಯುವಾಗಲೂ ಇದೇ ಹಿಡಿತ ಗಾಡಿಯನ್ನು ತಡೆಯುತ್ತದೆ. ಆಬ್ಟ್ ಎಂಬ ಸ್ವಿಸ್ ಎಂಜಿನಿಯರನ ಈ ಯುಕ್ತಿಯನ್ನೇ ಮೆಟ್ಟುಪಾಳ್ಯದಿಂದ ಕೂನೂರಿಗೆ ಏರುವ ನೀಲಗಿರಿ ರೈಲಿನಲ್ಲಿಯೂ ಕಾಣಬಹುದು.

ಜರ್ಮಾಟ್ ನಿಲ್ದಾಣದ ಎದುರಿನಿಂದಲೇ ಹೊರಡುವ, 1898ರಿಂದ ವಿದ್ಯುತ್ತಿನಿಂದಲೇ ಚಲಿಸುತ್ತಿರುವ ಗಾರ್ನರ್‌ಗ್ರಾಟ್ ರೈಲು 3089 ಮೀಟರಿನವರೆಗೆ ಏರುತ್ತದೆ. ಸ್ಕೀಪಟುಗಳು ಅದರಲ್ಲಿ ಮೇಲೇರಿ, ಹಿಮದ ಮೇಲೆ ಜಾರಿ ಕೆಳಗಿಳಿದು, ಮತ್ತೆ ಅದನ್ನೇ ಹತ್ತುತ್ತಾರೆ. ಸ್ಕೀಯಿಂಗ್ ಬಾರದವರು ಸುಮ್ಮನೆ ಕುಳಿತು ಮ್ಯಾಟರ್‌ಹಾರ್ನ್ ಶಿಖರವನ್ನು ನೋಡಿ ಮರಳಿದರೂ ಟಿಕೇಟಿನ ಹಣಕ್ಕೆ ಮೋಸವಿಲ್ಲ.